ತಂತಿ ಬಂದರೆ ಜನ ಹೊರಡುತ್ತಾರೆ

(ಊರೊಂದರ ಗ್ರಂಥಾಲಯದಲ್ಲಿ ಒಂದು ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ, ಆವತ್ತು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮಕ್ಕೆ ಕರೆದವರು ಮೊದಲು ಫೋನಿನಲ್ಲಿ ಹೇಳಿದ್ದು ಹೀಗೆ: "ಸರ್, ನೀವು ಅಷ್ಟು ದೂರದಿಂದ ಬರೋದೇನೂ ಬೇಡ. ಲಿಂಕ್ ಕಳಿಸ್ತೀವಿ, ಮನೇಲೇ ಕೂತು ಮಾತಾಡಿ." ಸರಿ ಅಂದೆ. ಹದಿನೈದು ನಿಮಿಷಕ್ಕೆ ಮತ್ತೆ ಫೋನ್ ಬಂತು. "ಸರ್, ಬಂದ್ರೇ ಒಳ್ಳೇದಿತ್ತು. ಲಿಂಕ್ ಅಂದ್ರೆ ಜನ ಕೂರಲ್ಲ." ವಿಷಯ ಏನು ಅಂತ ಕೇಳಿದರೆ, "ಡಿಜಿಟಲ್ ಕಾಲದಲ್ಲಿ ಪ್ರಯಾಣ ಬೇಕೇ?" ಅಂತೆ. ಉಪನ್ಯಾಸದ ಅರ್ಧ ಭಾಗ ಅವರೇ ಹೇಳಿ ಮುಗಿಸಿದ್ದರು. ಉಳಿದರ್ಧ ಹೇಳೋಣ ಅಂತ ಎರಡೂವರೆ ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದೇನೆ.

ನಾನು ದೊಡ್ಡ ಓದಿನವನಲ್ಲ. ಟೆಲಿಫೋನ್ ಇಲಾಖೆಯಲ್ಲಿ ಆಪರೇಟರ್ ಆಗಿ ಸೇರಿದವನು. 2000ದ ಅಕ್ಟೋಬರಿನಲ್ಲಿ ಇಲಾಖೆ ಬಿಎಸ್‌ಎನ್‌ಎಲ್ ಆಯಿತು, ಅದರ ಜೊತೆ ನಾವೂ ಆದೆವು. ಕೊನೆಗೆ ಫೈಬರ್ ಜೋಡಿಸುವ ಕೆಲಸದಲ್ಲಿ ನಿವೃತ್ತನಾದೆ. ಅಂದರೆ, ಜನ ಓಡಾಡದೇ ಮಾತಾಡಲಿ ಅಂತ ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಮನುಷ್ಯ ನಾನು. ಆ ಕೆಲಸ ಎಷ್ಟರಮಟ್ಟಿಗೆ ಆಯಿತು ಅನ್ನುವುದರ ವರದಿ ಅಂತ ಇದನ್ನು ಕೇಳಿಸಿಕೊಳ್ಳಿ.

ನಾನು ಸೇರಿದಾಗ ನಮ್ಮ ಎಕ್ಸ್‌ಚೇಂಜ್ ಅಂದರೆ ಒಂದು ಬೋರ್ಡು, ಎರಡು ಕುರ್ಚಿ, ಒಂದು ಗೋಡೆ ಗಡಿಯಾರ. ಮನೆಗಳಲ್ಲಿ ಹಿಡಿಕೆ ತಿರುಗಿಸುವ ಫೋನು. ಅವರು ಅಲ್ಲಿ ಗರಗರ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಪುಟ್ಟ ಮುಚ್ಚಳ ಟಪ್ ಅಂತ ಕೆಳಗೆ ಬೀಳುತ್ತಿತ್ತು. ಅಲ್ಲಿಗೆ ಪ್ಲಗ್ಗು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ಪರವೂರಿಗಾದರೆ ಟ್ರಂಕ್ ಕಾಲ್. ಚೀಟಿ ಬರೆದು ಸರದಿಗೆ ಇಡುತ್ತಿದ್ದೆವು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರಗಳು. ಬೆಳಿಗ್ಗೆ ಬುಕ್ ಮಾಡಿದ ಬೊಂಬಾಯಿ ಕಾಲ್ ಸಂಜೆಯೊಳಗೆ ಸಿಕ್ಕಿದರೆ ಪುಣ್ಯ. ಸಿಕ್ಕಿದ ಮೇಲೆ, ಮೂರು ನಿಮಿಷಕ್ಕೆ ಸರಿಯಾಗಿ ಮಧ್ಯೆ ಬಾಯಿ ಹಾಕಿ "ತ್ರೀ ಮಿನಿಟ್ಸ್ ಓವರ್" ಅನ್ನುವುದು ನಮ್ಮ ಡ್ಯೂಟಿ. ಗಂಡ ಹೆಂಡತಿ ಜಗಳದ ನಡುವೆ ಹಾಗೆ ಹೇಳಿ ಇಬ್ಬರ ಕೈಯಲ್ಲೂ ಬೈಸಿಕೊಂಡಿದ್ದೇನೆ.

ಪಕ್ಕದ ಪೋಸ್ಟಾಫೀಸಿನಲ್ಲಿ ತಂತಿ, ಅಂದರೆ ಟೆಲಿಗ್ರಾಂ, ಬರುತ್ತಿತ್ತು. ಇಲ್ಲಿ ತಲೆ ನರೆತವರಿಗೆ ನೆನಪಿರಬೇಕು. "ಮದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೆಟ್ಲಿ." ಪದಕ್ಕಿಷ್ಟು ದುಡ್ಡು, ಹಾಗಾಗಿ ಅಷ್ಟೇ. ಅದೆಷ್ಟೋ ಸಲ ಸೀರಿಯಸ್ ಅಂದರೆ ಆಗಲೇ ಹೋಗಿಬಿಟ್ಟಿದ್ದಾರೆ ಅಂತ ಅರ್ಥ. ತಂತಿ ಹಿಡಿದು ಪೋಸ್ಟ್‌ಮ್ಯಾನ್ ಅಂಗಳಕ್ಕೆ ಕಾಲಿಟ್ಟರೆ ಸಾಕು, ಓದುವ ಮುಂಚೆಯೇ ಒಳಗೆ ಅಳು ಶುರು. ಹೊರಗೆ ಯಾರೋ ಒಬ್ಬರು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುತ್ತಿರುತ್ತಾರೆ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಾಗ ಪತ್ರಿಕೆಗಳಲ್ಲಿ ಏನೇನೋ ಬರೆದರು. ನನಗೆ ಅನ್ನಿಸಿದ್ದು ಇದು: ಕಾಗದಕ್ಕಿಂತ ಬೇಗ ಸುದ್ದಿ ಮುಟ್ಟಿಸಲು ಬಂದ ಆ ಯಂತ್ರ ಜೀವಮಾನವಿಡೀ ಮಾಡಿದ್ದು ಜನರನ್ನು ಮನೆಯಿಂದ ಎಬ್ಬಿಸಿ ಹೊರಡಿಸುವ ಕೆಲಸ.

ಆಮೇಲೆ ಎಸ್‌ಟಿಡಿ ಬಂತು. ಆಪರೇಟರ್ ಇಲ್ಲದೇ ಪರವೂರಿಗೆ ನೇರವಾಗಿ ಡಯಲ್ ಮಾಡುವ ಸೌಲಭ್ಯ ಅದು. ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ–ಲಖನೌ ಮಧ್ಯೆ. ನಮ್ಮ ಕಡೆ ಮುಟ್ಟಲು ಎಷ್ಟೋ ವರ್ಷ ಬೇಕಾಯಿತು ಬಿಡಿ. ಹಳದಿ ಬೋರ್ಡಿನ ಬೂತುಗಳು ಬಂದವು. ರಾತ್ರಿ 11ರ ಮೇಲೆ ಕಾಲು ದರ. ಬೂತಿನ ಮುಂದೆ ಸಾಲು. ನಮ್ಮ ಬೀದಿಯ ಬೂತಿಗೆ ಒಬ್ಬ ಅಮ್ಮ ಬರುತ್ತಿದ್ದರು. ಮಗ ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದ. ಆಕೆ ಮಾತಾಡುವಾಗ ಗಾಜಿನ ಬಾಗಿಲಿನ ಆಚೆ ನಮಗೆ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಗೋಡೆಯ ಮೀಟರಿನ ಕೆಂಪು ಅಂಕಿ. ಮಾತಿಗಿಂತ ಜಾಸ್ತಿ ಅಂಕಿಯ ಮೇಲೆ ಕಣ್ಣು. ಹೊರಗೆ ಬಂದವರು ಪ್ರತಿಸಲ ಸಾಲಿನಲ್ಲಿ ನಿಂತ ನಮಗೆಲ್ಲ ವರದಿ ಕೊಡುತ್ತಿದ್ದರು. "ಚೌತಿಗೆ ಬರ್ತಾನಂತೆ." "ಟಿಕೆಟ್ ಸಿಕ್ಕಿದ್ರೆ ಗುರುವಾರವೇ ಹೊರಡ್ತಾನಂತೆ." ಅಷ್ಟು ದುಡ್ಡು ಕೊಟ್ಟು ಮಾತಾಡಿದ್ದರ ಫಲ ಏನು ಅಂದರೆ, ಯಾವಾಗ ಬರ್ತಾನೆ ಅಂತ ಗೊತ್ತಾಯಿತು. ಅಷ್ಟೇ ಸಾಕಿತ್ತು ಅವರಿಗೆ.

ಊರಿಗೆ ಫೋನ್ ಬಂದ ಮೇಲೆ ಬಸ್ಸು ಕಡಿಮೆಯಾಗಲಿಲ್ಲ. ಮೊದಲು ಬೆಂಗಳೂರಿಗೆ ಒಂದು ರಾತ್ರಿ ಬಸ್ಸಿತ್ತು, ಆಮೇಲೆ ನಾಲ್ಕಾಯಿತು. ಸುದ್ದಿ ಓಡಾಡಲು ಶುರುವಾದರೆ ಕಾಲೂ ಓಡಾಡಲು ಶುರುಮಾಡುತ್ತದೆ.

ಇದನ್ನು ನಾನೊಬ್ಬನೇ ಕಂಡುಹಿಡಿದೆ ಅಂತಲ್ಲ. ಅಮೆರಿಕದಲ್ಲಿ ಜ್ಯಾಕ್ ನಿಲ್ಸ್ ಅಂತ ಒಬ್ಬ ಎಂಜಿನಿಯರ್ ಇದ್ದರು. ರಾಕೆಟ್ಟು, ಬಾಹ್ಯಾಕಾಶ ಅಂತ ಕೆಲಸ ಮಾಡಿದವರು. ಲಾಸ್ ಏಂಜಲೀಸಿನ ಟ್ರಾಫಿಕ್ಕಿನಲ್ಲಿ ಕೂತು ಕೂತು ಬೇಸತ್ತು 1973ರಲ್ಲಿ ಒಂದು ಮಾತು ಹುಟ್ಟಿಸಿದರು, ಟೆಲಿಕಮ್ಯೂಟಿಂಗ್ ಅಂತ. ಜನ ಕೆಲಸದ ಹತ್ತಿರ ಹೋಗುವ ಬದಲು ಕೆಲಸವನ್ನೇ ತಂತಿಯಲ್ಲಿ ಜನರ ಹತ್ತಿರ ಕಳಿಸೋಣ ಅನ್ನುವುದು ಲೆಕ್ಕ. ಅದೇ ವರ್ಷ ಪೆಟ್ರೋಲಿನ ಬೆಲೆ ಆಕಾಶಕ್ಕೆ ಏರಿತ್ತು. ಐಡಿಯಾ ಎಲ್ಲರಿಗೂ ಹಿಡಿಸಿತು. ಆದರೆ ಅದನ್ನೇ ದಶಕಗಳ ಕಾಲ ಕೂತು ಅಳೆದ ಪೆಟ್ರೀಶಿಯಾ ಮೊಖ್ತಾರಿಯನ್ ಅನ್ನುವ ಸಂಶೋಧಕಿ ಕಂಡದ್ದು ಬೇರೆ. ಸಂಪರ್ಕ ಒಂದು ಕಡೆ ಪ್ರಯಾಣ ಉಳಿಸಿದರೆ ಇನ್ನೊಂದು ಕಡೆ ಹುಟ್ಟಿಸುತ್ತದೆ. ಒಟ್ಟಿನಲ್ಲಿ ಎರಡೂ ಕೈಕೈ ಹಿಡಿದುಕೊಂಡೇ ಬೆಳೆಯುತ್ತವೆ.

ಇದಕ್ಕೆ ಬೆಂಗಳೂರಿಗಿಂತ ಒಳ್ಳೆ ಸಾಕ್ಷಿ ಬೇಕಾ? ಒಂದು ಫೋಟೊ ನೀವೆಲ್ಲ ನೋಡಿರುತ್ತೀರಿ. ಎತ್ತಿನ ಗಾಡಿಯ ಮೇಲೆ ಒಂದು ಉಪಗ್ರಹ. ಅದು ಇಸ್ರೊದ ಆ್ಯಪಲ್, ನಮ್ಮ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹ. ಆಂಟೆನಾ ಪರೀಕ್ಷೆ ಮಾಡಬೇಕಿತ್ತು, ಲೋಹದ ಗಾಡಿಯಾದರೆ ಅಡ್ಡಿ. ಮರದ ಗಾಡಿ ತರಿಸಿದರು. 1981ರ ಜೂನ್ 19ರಂದು ಅದು ದಕ್ಷಿಣ ಅಮೆರಿಕದ ಕೂರೂವಿನಿಂದ ಮೇಲೆ ಹೋಯಿತು. ಜನ ಆ ಫೋಟೊ ನೋಡಿ ನಗುತ್ತಾರೆ. ನನಗಂತೂ ಪೂಜೆ ಮಾಡುವಷ್ಟು ಇಷ್ಟ. ಆಕಾಶದಿಂದ ಮಾತು ಇಳಿಸಬೇಕಾದ ಯಂತ್ರವೂ ಮೊದಲು ಎತ್ತಿನ ಹಿಂದೆ ನಡೆಯಬೇಕಾಯಿತು ನೋಡಿ.

ನಾಲ್ಕು ವರ್ಷದ ಮೇಲೆ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅನ್ನುವ ಅಮೆರಿಕದ ಕಂಪನಿ ಬೆಂಗಳೂರಿಗೆ ಬಂತು. ಉಪಗ್ರಹದ ಮೂಲಕ ಅಮೆರಿಕಕ್ಕೆ ನೇರ ಸಂಪರ್ಕ. ಅಲ್ಲಿಯ ಕೆಲಸ ಇಲ್ಲೇ ಕೂತು ಮಾಡಬಹುದು, ಯಾರೂ ಎಲ್ಲಿಗೂ ಹೋಗಬೇಕಿಲ್ಲ. ಕಾಗದದ ಮೇಲೆ ಇದಕ್ಕಿಂತ ಚೆಂದ ಏನಿದೆ? ಆದದ್ದೇನು? ಕೆಲಸ ತಂತಿಯಲ್ಲಿ ಬಂತು, ಜನ ಬಸ್ಸಿನಲ್ಲಿ ಬಂದರು. 1981ರ ಜನಗಣತಿಯಲ್ಲಿ ಬೆಂಗಳೂರಿನ ಜನ 29 ಲಕ್ಷ. 2011ರಲ್ಲಿ 85 ಲಕ್ಷ. ಎಲ್ಲ ಸಾಫ್ಟ್‌ವೇರಿನಿಂದಲೇ ಅನ್ನುವುದಿಲ್ಲ, ಆದರೆ ತಂತಿಯ ತುದಿ ಎಲ್ಲಿದೆಯೋ ಅಲ್ಲಿಗೆ ಹೋಗಿ ಕೂರಲು ನಮ್ಮ ಊರುಗಳು ಖಾಲಿಯಾದದ್ದಂತೂ ಕಣ್ಣೆದುರಿಗಿದೆ. ಅಲ್ಲಿ ಪಳಗಿದವರು ಆನ್‌ಸೈಟ್ ಅಂತ ವಿಮಾನ ಹತ್ತಿದರು. ಅವರನ್ನು ನೋಡಲು ಅಪ್ಪ ಅಮ್ಮ ಹತ್ತಿದರು, ಉಪ್ಪಿನಕಾಯಿ ಸಮೇತ.

ಟಿಕೆಟ್ ತೆಗೆಯುವ ಕಥೆಯೂ ಅದೇ. ರೈಲ್ವೆ ಟಿಕೆಟ್ಟು ಇಂಟರ್‌ನೆಟ್ಟಿನಲ್ಲಿ ಸಿಗಲು ಶುರುವಾದದ್ದು 2002ರ ಆಗಸ್ಟಿನಲ್ಲಿ. ಮೂರು ವರ್ಷದ ನಂತರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಸೀಟು ಸಿಗದೆ ಒಬ್ಬ ಹುಡುಗ ರೂಮಿನಲ್ಲೇ ಉಳಿದ. ಆ ಸಿಟ್ಟಿಗೆ 2006ರಲ್ಲಿ ಗೆಳೆಯರ ಜೊತೆ, ಇಂಟರ್‌ನೆಟ್ಟಿನಲ್ಲಿ ಬಸ್ ಟಿಕೆಟ್ ಮಾರುವ ರೆಡ್‌ಬಸ್ ಶುರುಮಾಡಿದ. ಫಣೀಂದ್ರ ಸಮ ಅಂತ ಹೆಸರು. ಕಂಪ್ಯೂಟರ್ ಗೊತ್ತಿದ್ದ ಹುಡುಗ. ಮನೆಗೆ ಹೋಗಲು ಆಗಲಿಲ್ಲ ಅಂತ ವಿಡಿಯೊ ಕಾಲ್ ಮಾಡುವ ಯಂತ್ರ ಕಟ್ಟಲಿಲ್ಲ, ಮುಂದಿನ ಸಲ ಸೀಟು ಸಿಗುವ ಹಾಗೆ ಮಾಡಿದ.

"ಅದೆಲ್ಲ ಹಳೇ ಕಥೆ, ಕೋವಿಡ್ ಆದ್ಮೇಲೆ ಪ್ರಪಂಚ ಬದಲಾಗಿದೆ" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಬನ್ನಿ, ಅದನ್ನೂ ನೋಡೋಣ. 2019ರಲ್ಲಿ ಪ್ರಪಂಚದಲ್ಲಿ ಗಡಿ ದಾಟಿ ಹೋದ ಪ್ರವಾಸಗಳು 146 ಕೋಟಿ. 2020ರಲ್ಲಿ ಸುಮಾರು 40 ಕೋಟಿಗೆ ಬಿತ್ತು. ಆಗ ಜೂಮ್‌ನಲ್ಲಿ ದಿನಕ್ಕೆ ಸೇರುವವರು 1 ಕೋಟಿಯಿಂದ ನಾಲ್ಕೇ ತಿಂಗಳಿಗೆ 30 ಕೋಟಿಗೆ ಹೋದರು. ಪ್ರಯಾಣದ ಕಥೆ ಮುಗೀತು ಅಂತಲೇ ಎಲ್ಲರೂ ಬರೆದರು. 2024ಕ್ಕೆ ಗಡಿ ದಾಟಿದವರು ಮತ್ತೆ 140 ಕೋಟಿ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ 2019ರಲ್ಲಿ 14.4 ಕೋಟಿ ಜನ ಹಾರಿದ್ದರೆ 2024ರಲ್ಲಿ 16.1 ಕೋಟಿ. ಆ ಜೂಮ್ ಕಂಪನಿಯೇ 2023ರಲ್ಲಿ ತನ್ನವರಿಗೆ, ಆಫೀಸಿನ ಹತ್ತಿರ ಇರುವವರು ವಾರಕ್ಕೆ ಎರಡು ದಿನ ಬನ್ನಿ ಅಂದಿತು.

ಹಾಗಂತ ಏನೂ ಬದಲಾಗಿಲ್ಲ ಅಂದರೆ ಸುಳ್ಳಾಗುತ್ತದೆ. ಚೀನಾದ ಟ್ರಿಪ್.ಕಾಮ್ ಅನ್ನುವ ಕಂಪನಿಯಲ್ಲಿ 1,612 ಜನರ ಮೇಲೆ ಒಂದು ಪ್ರಯೋಗ ಮಾಡಿದರು. 2024ರಲ್ಲಿ ಫಲಿತಾಂಶ ಬಂತು. ಅರ್ಧದಷ್ಟು ಜನರಿಗೆ ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ. ಕೆಲಸ ಕೆಡಲಿಲ್ಲ. ಕೆಲಸ ಬಿಟ್ಟು ಹೋಗುವವರು ಮಾತ್ರ ಮೂರನೇ ಒಂದು ಭಾಗ ಕಡಿಮೆಯಾದರು. ಅದರಲ್ಲೂ ಹೆಂಗಸರು, ಮತ್ತೆ ದೂರದಿಂದ ಬರುವವರು. ಅಂದ ಹಾಗೆ ಟ್ರಿಪ್.ಕಾಮ್ ಮಾರುವುದು ಏನು ಗೊತ್ತಾ? ವಿಮಾನದ ಟಿಕೆಟ್ಟು, ಹೋಟೆಲ್ ರೂಮು.

ನನ್ನ ಮಟ್ಟಿಗೆ ಈ ಗೊಂದಲ ಬಿಡಿಸಿದ್ದು ನಮ್ಮ ಕನ್ನಡವೇ. ನಮ್ಮಲ್ಲಿ "ಅಲೆಯೋದು" ಅಂತ ಒಂದು ಮಾತಿದೆ. ತಾಲ್ಲೂಕಾಫೀಸಿಗೆ ಅಲೆದೆ, ಕೋರ್ಟಿಗೆ ಅಲೆದೆ. ಇನ್ನೊಂದು, ಮನೆಯಿಂದ ಹೊರಡುವಾಗ ಹೇಳುವ "ಹೋಗಿಬರ್ತೀನಿ". ಎರಡರಲ್ಲೂ ಬಸ್ಸು ಅದೇ, ಸೀಟು ಅದೇ, ಕಂಡಕ್ಟರೂ ಅವನೇ. ಡಿಜಿಟಲ್ ಬಂದು ಕಿತ್ತುಕೊಂಡದ್ದು ಅಲೆದಾಟವನ್ನು. ಅದೇನು ಸಣ್ಣ ಉಪಕಾರವಲ್ಲ.

ಪಹಣಿಯನ್ನೇ ತಗೊಳ್ಳಿ. ಮೊದಲು ಅದು ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕಟ್ಟಿನಲ್ಲಿ ಇರುತ್ತಿತ್ತು. ಅವರು ಸಿಗಬೇಕು, ಸಿಕ್ಕರೆ ಪುರುಸೊತ್ತಾಗಬೇಕು, ಪುರುಸೊತ್ತಾದರೆ ಮನಸ್ಸು ಬರಬೇಕು. ಮನಸ್ಸು ಬರಲು ಏನು ಮಾಡಬೇಕು ಅಂತ ನಿಮಗೆ ನಾನು ಹೇಳಬೇಕಿಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟು. ಈಗಂತೂ ಮೊಬೈಲಿನಲ್ಲೇ ನೋಡಬಹುದು. ಅದೆಷ್ಟು ದಿನಗೂಲಿ, ಅದೆಷ್ಟು ಬಸ್ ಚಾರ್ಜು ಉಳಿಯಿತು ಅಂತ ಯಾರಾದರೂ ಲೆಕ್ಕ ಹಾಕಿದರೆ ದೊಡ್ಡ ಮೊತ್ತವೇ ಬರುತ್ತದೆ.

ಕೋರ್ಟು ಇನ್ನೊಂದು. ಧಾರವಾಡ, ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಕೂರಲು ಶುರುವಾದದ್ದು 2008ರಲ್ಲಿ. ಅಲ್ಲಿಯವರೆಗೆ ಬೀದರಿನ ರೈತ ಗದ್ದೆಯ ಬದುವಿನ ವ್ಯಾಜ್ಯಕ್ಕೆ ರಾಜ್ಯದ ಈ ತುದಿಯಿಂದ ಆ ತುದಿಗೆ ಬೆಂಗಳೂರಿಗೆ ಬರಬೇಕಿತ್ತು. ಬಂದರೆ "ಮುಂದಿನ ತಾರೀಕು". 2020ರಿಂದ ವಕೀಲರು ಪರದೆಯ ಮೇಲೆ ವಾದಿಸುತ್ತಾರೆ. ನಮ್ಮ ಹೈಕೋರ್ಟಿನ ಕಲಾಪವನ್ನು ಯೂಟ್ಯೂಬಿನಲ್ಲಿ ನೋಡಬಹುದು. ಮುಂದಿನ ತಾರೀಕು ಈಗಲೂ ಸಿಗುತ್ತದೆ, ಆದರೆ ಮನೆಯಲ್ಲೇ ಸಿಗುತ್ತದೆ.

ಇನ್ನು ನಮ್ಮ ಅಪ್ಪನ ಕಥೆ. ಅವರು ಮೇಷ್ಟ್ರಾಗಿದ್ದವರು, ಪಿಂಚಣಿ ಬರುತ್ತಿತ್ತು. ಪಿಂಚಣಿ ತಗೊಳ್ಳುವವರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಅಂತ ಬ್ಯಾಂಕಿಗೆ ಹೋಗಿ ತೋರಿಸಬೇಕಿತ್ತು. ಅಪ್ಪ ಆ ದಿನ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕೋಟು ಹಾಕಿ ಹೊರಡುತ್ತಿದ್ದರು. "ಎಲ್ಲಿಗೆ ಹೊರಟ್ರಿ?" ಅಂದರೆ "ಇನ್ನೂ ಇದ್ದೀನಿ ಅಂತ ಹೇಳಿ ಬರ್ತೀನಿ" ಅನ್ನುತ್ತಿದ್ದರು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ಪ್ರಮಾಣಪತ್ರ ಬಂತು. ಹೆಬ್ಬೆಟ್ಟು ಒತ್ತಿದರೆ ಸಾಕು, ಮನೆಯಿಂದಲೇ ಆಗುತ್ತದೆ. ಆದರೆ ಅಪ್ಪ ನಿವೃತ್ತಿಯ ಮೇಲೆ ತೋಟದ ಕೆಲಸಕ್ಕೆ ಇಳಿದಿದ್ದರು. ಹೆಬ್ಬೆರಳಿನ ಗೆರೆ ಸವೆದು ಹೋಗಿತ್ತು. ಯಂತ್ರ ಒಪ್ಪಲೇ ಇಲ್ಲ. ಮೊದಲ ವರ್ಷ ಅದಕ್ಕಾಗಿ ಕೌಂಟರಿಗೆ ಮೂರು ಸಲ ಹೋದೆವು. ಒಂದು ಸಲ ಸರ್ವರ್ ಇಲ್ಲ, ಒಂದು ಸಲ ಕರೆಂಟಿಲ್ಲ, ಇನ್ನೊಂದು ಸಲ ಬೆರಳಿಲ್ಲ. ಕೌಂಟರಿನ ಹುಡುಗಿ ಬೆರಳಿಗೆ ವ್ಯಾಸಲೀನ್ ಹಚ್ಚಿ ಒರೆಸಿ ಒರೆಸಿ ಒತ್ತಿಸಿದಳು. 2021ರ ನಂತರ ಮುಖ ತೋರಿಸಿದರೂ ನಡೆಯುತ್ತದೆ ಅಂತಾಯಿತು. ಆಗ ಅಪ್ಪನಿಗೆ 88. ನಾನು ಫೋನ್ ಹಿಡಿದು "ಕಣ್ಣು ಮಿಟುಕಿಸಿ" ಅಂದೆ. ಮಿಟುಕಿಸಿದರು. ಹಸಿರು ಗೆರೆ ಬಂತು. "ಇಷ್ಟೇನಾ?" ಅಂದರು. ಹೌದು ಅಂದೆ. ಅವರು ಕೋಟು ಹಾಕಿಕೊಂಡೇ ಕೂತಿದ್ದರು. ಸುಮ್ನೆ ಎದ್ದು ಪೇಟೆಗೆ ಹೋಗಿ ಬಂದರು.

ಈಗ ಸ್ವಲ್ಪ ನನ್ನ ಕಸುಬಿನ ವಿಷಯ ಮಾತಾಡಲು ಬಿಡಿ. ಪರದೆಯಲ್ಲಿ ಮುಖ ಕಂಡರೂ ಏನೋ ಕಡಿಮೆ ಅನ್ನಿಸುತ್ತದಲ್ಲ, ಅದರಲ್ಲಿ ಒಂದು ಪಾಲು ಭೌತಶಾಸ್ತ್ರದ್ದು. ಮೊದಲು ಅಮೆರಿಕಕ್ಕೆ ಕಾಲ್ ಮಾಡಿದರೆ ಎಷ್ಟೋ ಸಲ ಉಪಗ್ರಹದ ಮೂಲಕ ಹೋಗುತ್ತಿತ್ತು. ಉಪಗ್ರಹ ಇರುವುದು 36,000 ಕಿಲೋಮೀಟರ್ ಮೇಲೆ. ಹತ್ತಿ ಇಳಿಯಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಅರ್ಧ ಸೆಕೆಂಡು ತಡ. "ಹಲೋ", "ಹಲೋ", "ಹೇಳು", "ನೀನ್ಹೇಳು", ಇಬ್ಬರೂ ಸುಮ್ಮನಾಗುವುದು, ಮತ್ತೆ ಇಬ್ಬರೂ ಒಟ್ಟಿಗೇ ಶುರುಮಾಡುವುದು. ನೆನಪಿದೆ ಅಲ್ವಾ? ಸಮುದ್ರದಡಿಯ ಫೈಬರ್ ಬಂದ ಮೇಲೆ ಅದು ತುಂಬ ಕಡಿಮೆಯಾಯಿತು. ಆದರೆ ಪೂರ್ತಿ ಹೋಗುವುದಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರ ಗೆರೆ ಎಳೆದರೂ 13,000 ಕಿಲೋಮೀಟರಿಗೂ ಜಾಸ್ತಿ. ಹೋಗಿ ಬರಲು ಕಡೇಪಕ್ಷ 130 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ಲು ಸುತ್ತು ಬಳಸಿ ಹೋಗುವುದರಿಂದ ಇನ್ನೂ ಜಾಸ್ತಿ. ಎದುರು ಕೂತು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ಮಧ್ಯದ ಬಿಡುವು ಸರಾಸರಿ 200 ಮಿಲಿಸೆಕೆಂಡು ಅಂತ ಹತ್ತು ಭಾಷೆಗಳಲ್ಲಿ ಅಳೆದು ನೋಡಿದ್ದಾರೆ. ಅಂದರೆ ತಂತಿಯ ತಡವೇ ಆ ಬಿಡುವಿನಷ್ಟಾಯಿತು. ಮಗ ಕೇಳಿದ್ದಕ್ಕೆ ಅಮ್ಮ ತಡವಾಗಿ ಉತ್ತರ ಕೊಟ್ಟಳು. ಅದು ಕೇಬಲ್ಲಿನ ತಡವೋ, ಅಮ್ಮನ ಹಿಂಜರಿಕೆಯೋ? ಮನೆಯಲ್ಲಾದರೆ ಅವನಿಗೆ ಗೊತ್ತಾಗುತ್ತಿತ್ತು. ಐದು ಜಿ ಬರಲಿ ಆರು ಜಿ ಬರಲಿ, ಬೆಳಕಿಗೆ ಚಾಟಿ ಹೊಡೆಯಲು ಆಗುವುದಿಲ್ಲ.

ಕೈಕೆಲಸಕ್ಕೆ ಆ ತಡ ಪರವಾಗಿಲ್ಲ ಅಂತಲೂ ತೋರಿಸಿದ್ದಾರೆ. 2001ರ ಸೆಪ್ಟೆಂಬರ್ 7ರಂದು ಫ್ರಾನ್ಸಿನ ವೈದ್ಯ ಜಾಕ್ ಮಾರೆಸ್ಕೊ ನ್ಯೂಯಾರ್ಕಿನಲ್ಲಿ ಕೂತು, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ 68 ವರ್ಷದ ಹೆಂಗಸಿನ ಪಿತ್ತಕೋಶವನ್ನು ರೋಬೊ ಕೈಯಿಂದ ತೆಗೆದರು. ತಡ ಸುಮಾರು 155 ಮಿಲಿಸೆಕೆಂಡು. ಆಕೆ ಚೆನ್ನಾಗಿಯೇ ಎದ್ದು ಮನೆಗೆ ಹೋದರು. ತಮಾಷೆ ಏನೆಂದರೆ ಆ ಆಪರೇಶನ್ನಿಗೆ ಇಟ್ಟ ಹೆಸರು ಲಿಂಡ್‌ಬರ್ಗ್. 1927ರಲ್ಲಿ ಒಬ್ಬನೇ ವಿಮಾನ ಹಾರಿಸಿಕೊಂಡು ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಹೋದವನ ಹೆಸರು. ಯಾರೂ ಹಾರಬೇಕಿಲ್ಲ ಅಂತ ತೋರಿಸುವ ಕೆಲಸಕ್ಕೆ ಹಾರಿದವನ ಹೆಸರೇ ಬೇಕಾಯಿತು.

ಸ್ಥಳ ನೋಡುವ ವಿಷಯಕ್ಕೆ ಬರೋಣ. ಹಂಪಿಯನ್ನು ಕಂಪ್ಯೂಟರಿನೊಳಗೆ ಕಟ್ಟುವ ಕೆಲಸ ಬಹಳ ಚೆನ್ನಾಗಿ ನಡೆದಿದೆ. ಕೇಂದ್ರದ ವಿಜ್ಞಾನ ಇಲಾಖೆಯ ಡಿಜಿಟಲ್ ಹಂಪಿ ಯೋಜನೆ ಒಂದು. ಸಾರಾ ಕೆಂಡರ್‌ಡೈನ್, ಜೆಫ್ರಿ ಶಾ ಅನ್ನುವವರು ಮಾಡಿದ ದುಂಡು ಪರದೆ ಇನ್ನೊಂದು. ನೀವು ಮಧ್ಯದಲ್ಲಿ ನಿಂತಿರುತ್ತೀರಿ, ಕನ್ನಡಕ ಹಾಕಿಕೊಂಡರೆ ಸುತ್ತಲೂ ಹಂಪಿ ಎದ್ದು ನಿಲ್ಲುತ್ತದೆ. ಆ ಕಲ್ಲುಗಳ ನಡುವೆ ಪುರಾಣದ ದೇವರುಗಳು ಓಡಾಡುತ್ತಾರೆ. ನಿಜವಾದ ಹಂಪಿಯಲ್ಲಿ ಅದು ಕಾಣುವುದಿಲ್ಲ, ಒಪ್ಪಬೇಕು. ಆದರೆ ಮೇ ತಿಂಗಳ ಮಧ್ಯಾಹ್ನ ವಿರೂಪಾಕ್ಷನ ಗುಡಿಯಲ್ಲಿ ಚಪ್ಪಲಿ ಬಿಟ್ಟು, ಕಾದ ಚಪ್ಪಡಿಯ ಮೇಲೆ ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಓಡುತ್ತೀರಲ್ಲ, ಜೊತೆಗೆ ಹೆಂಡತಿಯ ಬೈಗುಳ, ಅದು ಯಾವ ಕನ್ನಡಕದಲ್ಲೂ ಇಲ್ಲ. ನಮ್ಮ ಮನೆಯಲ್ಲಿ ಹಂಪಿ ಅಂದರೆ ಇವತ್ತಿಗೂ ಆ ಕಾಲು ಸುಟ್ಟ ಕಥೆಯೇ.

ಹಾಗೆಂದು ಎಲ್ಲ ಕಡೆ ಎಲ್ಲರೂ ಹೋಗಲೇಬೇಕು ಅಂತ ನಾನು ಹೇಳುವುದಿಲ್ಲ. ಫ್ರಾನ್ಸಿನ ಲಾಸ್ಕೊ ಗುಹೆ, 1940ರಲ್ಲಿ ಸಿಕ್ಕಿದ್ದು. ಸಾವಿರಾರು ವರ್ಷ ಕೆಡದೇ ಇದ್ದ ಚಿತ್ರಗಳು ನೋಡಲು ಬಂದವರ ಉಸಿರಿಗೇ ಹಾಳಾಗತೊಡಗಿದವು. 1963ರಲ್ಲಿ ಬಾಗಿಲು ಹಾಕಿದರು. ಈಗ ಜನ ನೋಡುವುದು ನಕಲನ್ನು, ಕಂಪ್ಯೂಟರಿನಿಂದ ಅಳೆದು ಮಾಡಿದ್ದು. ನಮ್ಮಲ್ಲೂ ಅಂಥ ಜಾಗಗಳಿವೆ. 2024ರ ಜನವರಿಯಲ್ಲಿ ಕುಮಾರಪರ್ವತದ ಚಾರಣದ ಹಾದಿಯಲ್ಲಿ ಜಾತ್ರೆಯ ಹಾಗೆ ಜನ ಸೇರಿದ ವಿಡಿಯೊ ನೋಡಿರುತ್ತೀರಿ. ರೀಲ್ಸ್ ನೋಡಿ ಬಂದವರೇ ಜಾಸ್ತಿ. ಫೋನಿನಲ್ಲಿ ಬೆಟ್ಟ ನೋಡಿಯಾಯಿತು, ಸಾಕು ಅಂತ ಯಾರಿಗೂ ಅನ್ನಿಸಲಿಲ್ಲ. ನೋಡಿದ್ದಕ್ಕೇ ಹೊರಟರು. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಮಾಡಿ ಒಂದು ಹಾದಿಗೆ ದಿನಕ್ಕೆ 300 ಜನ ಅಂತ ಕಟ್ಟು ಹಾಕಿತು. ಸಂತೆ ಸೇರಿಸಿದ್ದೂ ಫೋನು, ಸಂತೆಗೆ ಬೇಲಿ ಹಾಕಿದ್ದೂ ಫೋನು.

ಬರುವಾಗ ಬಸ್ಸಿನಲ್ಲಿ ಒಂದು ನೋಡಿದೆ. ಪಕ್ಕದ ಸೀಟಿನ ಹೆಂಗಸು ವಿಡಿಯೊ ಕಾಲ್‌ನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದರು. ಫೋನನ್ನು ಕಿಟಕಿಗೆ ಹಿಡಿದು "ನೋಡೇ, ಇಲ್ಲೀವರೆಗೆ ಬಂದೆ" ಅಂತ ದಾರಿ ತೋರಿಸುತ್ತಿದ್ದರು. ಹೋಗುತ್ತಿದ್ದದ್ದು ಆ ತಂಗಿಯ ಮನೆಗೇ. ನಾನು ಕೇಳಿಯೇಬಿಟ್ಟೆ: "ದಿನಾ ಮುಖ ನೋಡ್ತೀರಲ್ಲ, ಮತ್ತೆ ಹೋಗೋದ್ಯಾಕೆ?" ಆಕೆ ನನ್ನನ್ನು ಪೆದ್ದನನ್ನು ನೋಡಿದ ಹಾಗೆ ನೋಡಿದರು. "ಮುಖ ನೋಡಾಯ್ತು. ಮನೆ ನೋಡ್ಬೇಕಲ್ಲ, ಹೆಂಗಿದಾಳೆ ಅಂತ." ಅವರ ಕೈಯಲ್ಲಿ ಶಕ್ತಿ ಯೋಜನೆಯ ಸೊನ್ನೆ ರೂಪಾಯಿಯ ಟಿಕೆಟ್ಟಿತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. 2025ರ ಜುಲೈ ಹೊತ್ತಿಗೆ ಅಂಥ ಟಿಕೆಟ್ಟು 500 ಕೋಟಿ ದಾಟಿತು. ಆ ಯೋಜನೆಯ ಲಾಭ ನಷ್ಟದ ಚರ್ಚೆ ಇಲ್ಲಿ ಬೇಡ, ಜಗಳ ಆಗುತ್ತದೆ. ನನಗೆ ಕಂಡದ್ದಿಷ್ಟು. ಈ ಹೆಂಗಸರ ಕೈಯಲ್ಲಿ ಮೊಬೈಲ್ ಮೊದಲೇ ಇತ್ತು, ಡೇಟಾ ಅಗ್ಗವಾಗಿತ್ತು, ಧರ್ಮಸ್ಥಳದ ವಿಡಿಯೊ ಯೂಟ್ಯೂಬಿನಲ್ಲಿತ್ತು. ಅವರು ಇಷ್ಟು ದಿನ ಮನೆಯಲ್ಲಿ ಉಳಿದದ್ದು ಫೋನಿನಲ್ಲಿ ಎಲ್ಲ ಸಿಗುತ್ತಿದೆ ಅಂತಲ್ಲ. ಕೈಯಲ್ಲಿ ಬಸ್ ಚಾರ್ಜು ಇರಲಿಲ್ಲ ಅಂತ.

ನನಗೆ ಹೆದರಿಕೆ ಇರುವುದು ಇಲ್ಲಿಯೇ. ಹೋಗಲಾಗದವರನ್ನು ಫೋನ್ ಕೊಟ್ಟು ಕೂರಿಸಿಬಿಡುವುದು ಬಹಳ ಸುಲಭ. ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು 2002ರಲ್ಲಿ ಇಸ್ರೊ ಉಪಗ್ರಹದ ಮೂಲಕ ಬೆಂಗಳೂರಿನ ಹೃದಯ ತಜ್ಞರಿಗೆ ಜೋಡಿಸಿದರು. ಒಳ್ಳೆ ಕೆಲಸ. ಎದೆ ನೋವು ಅಂತ ಬಂದವನು ಬೆಂಗಳೂರಿಗೆ ಓಡಬೇಕೋ ಬೇಡವೋ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಪರದೆಯಲ್ಲಿ ಡಾಕ್ಟರ್ ಸಿಗುತ್ತಾರಲ್ಲ ಅಂತ ಹಳ್ಳಿ ಆಸ್ಪತ್ರೆಯ ಡಾಕ್ಟರ್ ಹುದ್ದೆಯನ್ನು ಖಾಲಿ ಬಿಟ್ಟರೆ? ಸ್ಮಾರ್ಟ್ ಟಿವಿ ಇದೆಯಲ್ಲ ಅಂತ ಮೇಷ್ಟ್ರನ್ನು ಕಳಿಸದಿದ್ದರೆ? ದುಡ್ಡಿದ್ದವರು ಆಗಲೂ ಕಾರಿನಲ್ಲಿ ಹೋಗಿ ಎದುರು ಕೂತೇ ತೋರಿಸಿಕೊಳ್ಳುತ್ತಾರೆ. ಉಳಿದವರಿಗೆ ಪರದೆ. ಹಾಗಾಗಿ ಯಾವುದೇ ಹೊಸ ಆ್ಯಪ್ ಬಂದರೂ ನಾನು ಕೇಳುವುದು ಒಂದೇ: ಅಲೆದಾಟ ಉಳಿದದ್ದು ಜನರಿಗೋ, ಆಫೀಸಿಗೋ?

2021ರ ಜೂನಿನ ಇನ್ನೊಂದು ಫೋಟೊ ನೆನಪು ಮಾಡಿಕೊಳ್ಳಿ. ಸುಳ್ಯ ತಾಲ್ಲೂಕಿನ ಬಳ್ಳಕ. ಜಡಿಮಳೆ. ರಸ್ತೆ ಬದಿಯಲ್ಲಿ ಕೂತು ಹುಡುಗಿ ಆನ್‌ಲೈನ್ ಕ್ಲಾಸು ಕೇಳುತ್ತಿದ್ದಾಳೆ, ಹಿಂದೆ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಮನೆಯಲ್ಲೇ ಕೂತು ಕಲಿಯಿರಿ ಅಂದ ತಂತ್ರಜ್ಞಾನಕ್ಕಾಗಿ ಅವಳು ಮನೆ ಬಿಟ್ಟು ನಡೆದು ಬರಬೇಕಾಯಿತು. ಸಿಗ್ನಲ್ ಕೊಡಬೇಕಾದ ಕಸುಬಿನಲ್ಲಿ ಇದ್ದವನು ನಾನು. ಆ ಫೋಟೊ ನೋಡಿದಾಗ ನಿವೃತ್ತನಾಗಿದ್ದೆ. ಆದರೂ ತಲೆ ತಗ್ಗಿತು.

ಮಾತು ಇಲ್ಲಿಗೆ ಮುಗಿಸಿದ್ದೆ. ಪ್ರಶ್ನೆ ಇದ್ದರೆ ಕೇಳಿ ಅಂದರು. ಮೂಲೆಯಲ್ಲಿ ಕೂತಿದ್ದ ಹುಡುಗ ಎದ್ದು "ಸರ್, ಸಾವಿಗೆ?" ಅಂತ ಇಷ್ಟೇ ಕೇಳಿ ಕೂತುಬಿಟ್ಟ. ಅವನ ಮನೆಯಲ್ಲಿ ಏನಾಗಿತ್ತೋ, ನಾನು ಕೇಳಲಿಲ್ಲ. ನನ್ನ ಮನೆಯದು ಹೇಳಿದೆ.

2021ರ ಮೇ. ಸೋದರತ್ತೆ ತೀರಿಕೊಂಡರು. ಒಬ್ಬನೇ ಮಗ, ನನಗೆ ಭಾವ, ನ್ಯೂಜೆರ್ಸಿಯಲ್ಲಿದ್ದ. ಬರುವ ಹಾಗಿರಲಿಲ್ಲ. ಫೋನ್ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಟೆಲಿಫೋನಿನವನು ಅಲ್ವಾ? ಅಲ್ಲಿ ರಾತ್ರಿ, ಇಲ್ಲಿ ಬೆಳಿಗ್ಗೆ. ನಾನು ಮುಖ ಕಾಣುವ ಹಾಗೆ ಹಿಡಿದಿದ್ದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಸಿಗ್ನಲ್ ಹೋಯಿತೋ ಏನೋ ಅಂತ ನಾನು ಪರದೆ ನೋಡಿದೆ. ಆಗ ದನಿ ಬಂತು. "ಭಾವ, ಫೋನ್ ಸ್ವಲ್ಪ ಕೆಳಗೆ ಮಾಡು. ಅಮ್ಮನ ಕಾಲು ಕಾಣ್ಲಿ." ಕೆಳಗೆ ಮಾಡಿದೆ. ಅವನ ಕಡೆ ಪರದೆಯಲ್ಲಿ ಮುಖ ಕಾಣಿಸಲಿಲ್ಲ. ಮನೆಯ ಸೂರು, ತಿರುಗುತ್ತಿದ್ದ ಫ್ಯಾನು ಇಷ್ಟೇ ಕಂಡಿತು. ನೆಲಕ್ಕೆ ಬಗ್ಗಿದ್ದ.

ಏಳು ತಿಂಗಳಾದ ಮೇಲೆ ಬಂದ. ಎಲ್ಲವನ್ನೂ ನೋಡಿದ್ದ, ಕೊನೆಯವರೆಗೂ ನೋಡಿದ್ದ, ರೆಕಾರ್ಡ್ ಕೂಡ ಅವನ ಹತ್ತಿರವಿತ್ತು. ಕೈಕಾಲು ತೊಳೆದು, ಕಾಫಿ ಬೇಡ ಅಂದು, "ಎಲ್ಲಿ?" ಅಂತ ಕೇಳಿದ. ತೋಟದ ಅಂಚಿಗೆ ಕರೆದುಕೊಂಡು ಹೋಗಿ ಜಾಗ ತೋರಿಸಿದೆ. ಮಳೆಗಾಲ ಕಳೆದು ಅಲ್ಲಿ ಹುಲ್ಲು ಬೆಳೆದಿತ್ತು. ಚಪ್ಪಲಿ ಬಿಟ್ಟು ನಿಂತ. ನಾನು ಸ್ವಲ್ಪ ಹಿಂದೆ ಬಂದೆ.

ಆ ಹುಡುಗನಿಗೆ ಇಷ್ಟು ಹೇಳಿದೆ. ಇನ್ನೂ ಇಬ್ಬರು ಕೈ ಎತ್ತಿದ್ದರು. ಆದರೆ ಗೋಡೆಯ ಗಡಿಯಾರ ಏಳೂಕಾಲು ತೋರಿಸುತ್ತಿತ್ತು, ನನ್ನ ಕಡೆಗೆ ಹೋಗುವ ಕೊನೆಯ ಬಸ್ಸು ಏಳೂವರೆಗೆ.